ಕೋಬ್ರಾ ಲಿಲಿ: ಹಣ್ಣು ಬಿಟ್ಟಿದ್ದ ಗಿಡ ಈ ವರ್ಷ ಯಾಕೆ ಚಿಕ್ಕದಾಯಿತು?

ನೆರಳಮೂಲೆ

ಎಲ್ಲರಿಗೂ ನಮಸ್ಕಾರ. ದೊಡ್ಡ ಮರದ ಕೆಳಗೆ ನನ್ನದೊಂದು ಪಾತಿ ಇದೆ. ಬಿಸಿಲು ಅಲ್ಲಿ ಚುಕ್ಕಿ ಚುಕ್ಕಿಯಾಗಿ ಮಾತ್ರ ಬೀಳುತ್ತದೆ. ಜರಿಗಿಡಗಳು ಚೆನ್ನಾಗಿ ಹಬ್ಬಿವೆ. ಅವುಗಳ ನಡುವೆ ಕೋಬ್ರಾ ಲಿಲಿ ನೆಟ್ಟಿದ್ದೇನೆ. ಗೆಡ್ಡೆ ಕೊಟ್ಟವರು ಇದು ಅರಿಸೀಮಾ ಟ್ರೈಫಿಲ್ಲಮ್ ಎಂದು ಹೇಳಿದ್ದರು.

ಕಳೆದ ವರ್ಷ ಎರಡು ಎಲೆ ಬಂದಿತ್ತು. ನಡುವೆ ಹೆಡೆ ಎತ್ತಿದಂಥ ಹೂ. ಆಮೇಲೆ ಕೆಂಪು ಹಣ್ಣಿನ ಗೊಂಚಲು. ನೋಡಿದವರೆಲ್ಲ ನಿಂತು ಕೇಳುತ್ತಿದ್ದರು. ಈ ವರ್ಷ ಅದೇ ಜಾಗದಲ್ಲಿ ಒಂದೇ ಎಲೆ ಬಂದಿದೆ. ಗಿಡವೂ ಗಿಡ್ಡ, ಹೂವೂ ಸಣ್ಣದು. ಹೂ ಬಾಡಿ ಹೋಯಿತು, ಕಾಯಿ ಕಟ್ಟಲೇ ಇಲ್ಲ. ಎಲೆ ಮಾತ್ರ ಹಸಿರಾಗಿ ಆರೋಗ್ಯವಾಗಿದೆ.

ಇದು ರೋಗವಾ? ಮಣ್ಣಿನಲ್ಲಿ ಸಾರ ಕಡಿಮೆಯಾಯಿತಾ? ಗೆಡ್ಡೆ ತೆಗೆದು ಬೇರೆ ಕಡೆ ನೆಡಬೇಕಾ? ಗೊತ್ತಿರುವವರು ದಯವಿಟ್ಟು ವಿವರವಾಗಿ ತಿಳಿಸಿ. ಈ ಗಿಡದ ಮೇಲೆ ನನಗೆ ತುಂಬಾ ಆಸೆ.


ಗೆಡ್ಡೆಪ್ರೀತಿ

ಗೆಡ್ಡೆಯನ್ನು ಮುಟ್ಟಬೇಡಿ. ನಿಮ್ಮ ಗಿಡಕ್ಕೆ ರೋಗ ಬಂದಿಲ್ಲ. ಅದು ಹೆಣ್ಣಾಗಿತ್ತು, ಈಗ ಗಂಡಾಗಿದೆ.

ಅರಿಸೀಮಾದ ವಿಶೇಷವೇ ಇದು. ಹೆಚ್ಚಿನ ಜಾತಿಗಳಲ್ಲಿ ಒಂದೇ ಗಿಡ ಒಂದು ವರ್ಷ ಗಂಡು ಹೂ ಬಿಡಬಹುದು, ಇನ್ನೊಂದು ವರ್ಷ ಹೆಣ್ಣು ಹೂ ಬಿಡಬಹುದು. ಯಾವ ವರ್ಷ ಏನು ಎನ್ನುವುದನ್ನು ಗೆಡ್ಡೆಯ ಗಾತ್ರ ನಿರ್ಧರಿಸುತ್ತದೆ. ಗೆಡ್ಡೆ ತೀರಾ ಚಿಕ್ಕದಿದ್ದರೆ ಬರೀ ಎಲೆ. ಸ್ವಲ್ಪ ದಪ್ಪವಾದರೆ ಗಂಡು ಹೂ. ಇನ್ನೂ ದಪ್ಪವಾದರೆ ಹೆಣ್ಣು. ಟ್ರೈಫಿಲ್ಲಮ್‌ನಲ್ಲಿ ಸಾಮಾನ್ಯವಾಗಿ ಒಂದೆಲೆಯ ಗಿಡ ಗಂಡು, ಎರಡೆಲೆಯ ಗಿಡ ಹೆಣ್ಣು. ನೀವು ಬರೆದದ್ದಕ್ಕೆ ಇದು ಸರಿಯಾಗಿ ಹೊಂದುತ್ತದೆ.

ಕಾರಣ ಸರಳವಾಗಿದೆ. ಪರಾಗ ಮಾಡಲು ಗಿಡಕ್ಕೆ ಹೆಚ್ಚು ಖರ್ಚಿಲ್ಲ. ಹಣ್ಣು ಮತ್ತು ಬೀಜ ಮಾಡಲು ತುಂಬಾ ಖರ್ಚು. ಕಳೆದ ವರ್ಷ ಗೆಡ್ಡೆಯಲ್ಲಿ ಕೂಡಿಟ್ಟಿದ್ದ ಪಿಷ್ಟವೆಲ್ಲ ಆ ಕೆಂಪು ಗೊಂಚಲಿಗೆ ಹೋಯಿತು. ಗೆಡ್ಡೆ ಸಣ್ಣದಾಯಿತು. ಹಾಗಾಗಿ ಈ ವರ್ಷ ಗಿಡ ಕಡಿಮೆ ಖರ್ಚಿನ ದಾರಿ ಹಿಡಿದಿದೆ. ಒಂದೋ ಎರಡೋ ವರ್ಷ ಚೆನ್ನಾಗಿ ಎಲೆ ಬೆಳೆಸಿ ಗೆಡ್ಡೆ ತುಂಬಿಕೊಂಡರೆ ಮತ್ತೆ ಹೆಣ್ಣಾಗುತ್ತದೆ.

ಇದರಿಂದ ತೋಟದವರು ಹಿಡಿದುಕೊಳ್ಳಬೇಕಾದ ವಿಷಯ ಒಂದೇ. ಹೂವಿನ ಚಿಂತೆ ಬಿಡಿ, ಎಲೆಯನ್ನು ಬೆಳೆಸಿ. ಹೂ ಇರುವುದು ಕೆಲವೇ ವಾರ. ಎಲೆ ತಿಂಗಳುಗಟ್ಟಲೆ ಇರುತ್ತದೆ. ಮುಂದಿನ ವರ್ಷದ ಹೂವನ್ನು ತಯಾರು ಮಾಡುವುದು ಆ ಎಲೆ. ಹೂ ಬಾಡಿದ ಮೇಲೆ ಗಿಡದ ಕಡೆ ನೋಡುವುದನ್ನೇ ಬಿಡುವವರು ಜಾಸ್ತಿ. ನಿಜವಾದ ಆರೈಕೆ ಬೇಕಾಗುವುದು ಆಗಲೇ.


ಹಸಿರುಕಣ್ಣು

ಇದು ಹುಳ ತಿನ್ನುವ ಗಿಡ ಅಲ್ವಾ? ಕೋಬ್ರಾ ಲಿಲಿ ಎಂದು ಹುಡುಕಿದರೆ ಹೂಜಿಯಂಥ ಗಿಡದ ಚಿತ್ರ ಬರುತ್ತದೆ. ಅದಕ್ಕೆ ಗೊಬ್ಬರ ಹಾಕಬಾರದು ಎಂದು ಎಲ್ಲ ಕಡೆ ಬರೆದಿದ್ದಾರೆ.


ಗೆಡ್ಡೆಪ್ರೀತಿ

ಅದು ಬೇರೆ ಗಿಡ. ಹುಳ ತಿನ್ನುವ ಕೋಬ್ರಾ ಲಿಲಿಯ ಹೆಸರು ಡಾರ್ಲಿಂಗ್ಟೋನಿಯಾ. ಅದು ಅಮೆರಿಕದ ಕ್ಯಾಲಿಫೋರ್ನಿಯಾ ಮತ್ತು ಒರೆಗಾನ್‌ನ ಜೌಗು ನೆಲದ್ದು. ಅರಿಸೀಮಾ ಕೆಸುವಿನ ಕುಟುಂಬದ್ದು. ಕೆಸು, ಸುವರ್ಣಗೆಡ್ಡೆ, ಆಂಥೂರಿಯಂ ಎಲ್ಲ ಇದರ ನೆಂಟರು. ಅರಿಸೀಮಾಗೆ ಗೊಬ್ಬರ ಬೇಕು. ಡಾರ್ಲಿಂಗ್ಟೋನಿಯಾ ಬಗ್ಗೆ ಓದಿದ್ದನ್ನು ಇದಕ್ಕೆ ಮಾಡಿದರೆ ಗೆಡ್ಡೆ ಕೊಳೆಯುತ್ತದೆ.

ಆದರೆ ನಿಮ್ಮ ಪ್ರಶ್ನೆಯಲ್ಲಿ ಒಂದು ಒಳ್ಳೆಯ ಎಳೆ ಇದೆ. ಅರಿಸೀಮಾ ಹುಳ ತಿನ್ನುವುದಿಲ್ಲ, ಆದರೆ ಹಿಡಿಯುತ್ತದೆ. ಇದಕ್ಕೆ ಪರಾಗಸ್ಪರ್ಶ ಮಾಡುವುದು ಮುಖ್ಯವಾಗಿ ಫಂಗಸ್ ನ್ಯಾಟ್ ಎನ್ನುವ ಪುಟ್ಟ ನೊಣಗಳು. ಕೊಳೆತ ಎಲೆ, ಅಣಬೆ ಇರುವ ಜಾಗದಲ್ಲಿ ಇವು ಹಾರಾಡುತ್ತಿರುತ್ತವೆ. ಹೂವಿನ ವಾಸನೆಗೆ ಬಂದು ಹೆಡೆಯೊಳಗಿನ ಕೊಳವೆಗೆ ಇಳಿಯುತ್ತವೆ. ಒಳಗೋಡೆ ಜಾರುತ್ತದೆ, ಮೇಲೆ ಹತ್ತಲು ಆಗುವುದಿಲ್ಲ. ಗಂಡು ಹೂವಿನಲ್ಲಿ ಕೊಳವೆಯ ಬುಡದಲ್ಲಿ ಒಂದು ಸಣ್ಣ ಸಂದು ಇರುತ್ತದೆ. ನೊಣ ಪರಾಗ ಮೆತ್ತಿಕೊಂಡು ಆ ಸಂದಿನಿಂದ ಹೊರಗೆ ಹೋಗುತ್ತದೆ. ಹೆಣ್ಣು ಹೂವಿನಲ್ಲಿ ಆ ಸಂದು ಇಲ್ಲ. ಅಲ್ಲಿಗೆ ಇಳಿದ ನೊಣ ತಪ್ಪಿಸಿಕೊಳ್ಳಲಾಗದೆ ಓಡಾಡುತ್ತಾ ಪರಾಗ ಒರೆಸಿ ಅಲ್ಲೇ ಸಾಯುತ್ತದೆ. ಹೆಣ್ಣು ಹೂವಿನ ಬುಡ ಬಿಡಿಸಿ ನೋಡಿದರೆ ಸತ್ತ ನೊಣಗಳು ಸಿಗುವುದು ಇದಕ್ಕೇ. ಗಿಡ ಅವುಗಳನ್ನು ಜೀರ್ಣ ಮಾಡಿಕೊಳ್ಳುವುದಿಲ್ಲ.

ತೋಟದಲ್ಲಿ ಒಂದೇ ಗಿಡ ಇರುವವರಿಗೆ ಕಾಯಿ ಕಟ್ಟದೆ ಇರುವುದಕ್ಕೂ ಇದೇ ಕಾರಣ. ಅದೇ ಸಮಯಕ್ಕೆ ಹತ್ತಿರದಲ್ಲಿ ಗಂಡು ಗಿಡ ಹೂ ಬಿಟ್ಟಿರಬೇಕು. ಹಣ್ಣು ಬೇಕಾದವರು ಬೇರೆ ಬೇರೆ ಗಾತ್ರದ ಗೆಡ್ಡೆಗಳನ್ನು ಒಟ್ಟಿಗೆ ನೆಡಬೇಕು.


ತರಗೆಲೆ

ಮೇಲೆ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ನಾನು ಮಣ್ಣಿನ ಬಗ್ಗೆ ಬರೆಯುತ್ತೇನೆ. ನನಗೆ ಈ ಗಿಡದಲ್ಲಿ ಹೆಚ್ಚು ಇಷ್ಟವಾದ ಭಾಗ ಅದೇ.

ಕಾಡಿನ ನೆಲ ಹೇಗಿರುತ್ತದೆ ನೆನಪು ಮಾಡಿಕೊಳ್ಳಿ. ಮೇಲೆ ಒಣ ತರಗು. ಅದರ ಕೆಳಗೆ ಅರ್ಧ ಕೊಳೆತ ಎಲೆ. ಅದರ ಕೆಳಗೆ ಕಪ್ಪು, ಪುಡಿಪುಡಿ ಮಣ್ಣು. ಕೈ ಹಾಕಿದರೆ ತಂಪು, ಆದರೆ ಹಿಂಡಿದರೆ ನೀರು ಬರುವುದಿಲ್ಲ. ಅರಿಸೀಮಾದ ಹೆಚ್ಚಿನ ಜಾತಿಗಳು ಹುಟ್ಟಿ ಬೆಳೆದದ್ದು ಇಂಥ ನೆಲದಲ್ಲಿ. ತೋಟದ ಮಣ್ಣನ್ನು ಅಷ್ಟರಮಟ್ಟಿಗೆ ತಂದುಬಿಟ್ಟರೆ ಗಿಡ ತನ್ನ ಪಾಡಿಗೆ ಬೆಳೆಯುತ್ತದೆ.

ನಾನು ಪಾತಿಯನ್ನು ಒಂದು ಸಲಿಕೆ ಆಳಕ್ಕೆ ಸಡಿಲ ಮಾಡುತ್ತೇನೆ. ಅದಕ್ಕೆ ಚೆನ್ನಾಗಿ ಕೊಳೆತ ಎಲೆಗೊಬ್ಬರ ಧಾರಾಳವಾಗಿ ಸೇರಿಸುತ್ತೇನೆ. ಜೇಡಿ ಮಣ್ಣಾದರೆ ದಪ್ಪ ಮರಳು ಅಥವಾ ಸಣ್ಣ ಜಲ್ಲಿಯೂ ಬೇಕು. ನಯವಾದ ಮರಳು ಹಾಕಬೇಡಿ. ಜೇಡಿ ಜೊತೆ ಸೇರಿ ಅದು ಇನ್ನೂ ಗಟ್ಟಿಯಾಗುತ್ತದೆ. ಹಸಿ ಸಗಣಿ, ಪೂರ್ತಿ ಕೊಳೆಯದ ಕಾಂಪೋಸ್ಟ್ ಗೆಡ್ಡೆಯ ಹತ್ತಿರ ಬರಲೇಬಾರದು. ಮಣ್ಣು ಸ್ವಲ್ಪ ಹುಳಿ ಇದ್ದರೆ ಒಳ್ಳೆಯದು. ಸಾಧಾರಣವಾಗಿದ್ದರೂ ನಡೆಯುತ್ತದೆ.

ಆಳ ಮುಖ್ಯ. ಗೆಡ್ಡೆಯ ಮೇಲೆ ಕನಿಷ್ಠ 10 ಸೆಂಟಿಮೀಟರ್ ಮಣ್ಣು ಬರಬೇಕು, ದೊಡ್ಡ ಗೆಡ್ಡೆಗೆ 15. ಯಾಕೆ ಎಂದು ಕೇಳುವವರಿದ್ದಾರೆ. ಇದರ ಬೇರು ಗೆಡ್ಡೆಯ ತಳದಿಂದ ಬರುವುದಿಲ್ಲ. ಮೇಲ್ಭಾಗದಿಂದ, ಮೊಳಕೆಯ ಸುತ್ತಲಿನಿಂದ ಹೊರಟು ಅಕ್ಕಪಕ್ಕಕ್ಕೆ ಹರಡುತ್ತದೆ. ಮೇಲೆ ಮಣ್ಣು ತೆಳುವಾಗಿದ್ದರೆ ಬೇರಿಗೆ ಜಾಗವೇ ಇಲ್ಲ. ಮೇಲ್ಮಣ್ಣು ಒಣಗಿದ ದಿನ ಗಿಡ ಬಾಗುತ್ತದೆ. ಎತ್ತರದ ಕಾಂಡಕ್ಕೆ ಹಿಡಿತವೂ ಸಿಗುವುದಿಲ್ಲ.

ಇನ್ನು ನೆರಳು. ನೆರಳು ಇಷ್ಟ ಎಂದರೆ ಕತ್ತಲೆ ಇಷ್ಟ ಎಂದಲ್ಲ. ಎಲೆಗಳ ಮಧ್ಯದಿಂದ ಸೋಸಿ ಬರುವ ಬೆಳಕು ಬೇಕು. ಬೆಳಗಿನ ಎಳೆ ಬಿಸಿಲು ಸ್ವಲ್ಪ ಬಿದ್ದರೆ ಗೆಡ್ಡೆ ಬೇಗ ದಪ್ಪವಾಗುತ್ತದೆ. ಮಧ್ಯಾಹ್ನದ ಬಿಸಿಲು ಬಿದ್ದರೆ ಎಲೆಯ ಅಂಚು ಸುಟ್ಟು ಕಂದು ಬಣ್ಣಕ್ಕೆ ತಿರುಗುತ್ತದೆ. ಗೋಡೆಯ ಹಿಂದೆ ಬೆಳಕೇ ಇಲ್ಲದ ಮೂಲೆಯಲ್ಲಿ ಗಿಡ ಬದುಕುತ್ತದೆ, ಆದರೆ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತದೆ. ಅಂಥ ಕಡೆ ಅದು ಗಂಡಾಗಿಯೇ ಉಳಿಯುತ್ತದೆ ಅಥವಾ ಹೂವನ್ನೇ ಬಿಡುವುದಿಲ್ಲ.

ನೆರಳಮೂಲೆ ಅವರೇ, ನಿಮ್ಮ ಮರ ಯಾವುದು ಎಂದು ನೀವು ಬರೆದಿಲ್ಲ. ಬೇರು ಮೇಲ್ಮಟ್ಟದಲ್ಲೇ ಹರಡುವ ಮರವಾದರೆ ನೀರನ್ನೆಲ್ಲ ಅದೇ ಕುಡಿಯುತ್ತದೆ. ಮಳೆ ಬಂದರೂ ದಟ್ಟ ಕೊಂಬೆಯ ಕೆಳಗೆ ಮಣ್ಣು ಒಣಗೇ ಇರುತ್ತದೆ. ಒಣ ನೆರಳಿನಲ್ಲಿ ಅರಿಸೀಮಾ ಬೆಳೆಸುವುದು ತುಂಬಾ ಕಷ್ಟ. ಬೆರಳು ಇಳಿಸಿ ನೋಡಿ. ಗಿಡ ಎಲೆಯಲ್ಲಿರುವಾಗ ಎರಡು ಗೆಣ್ಣು ಆಳದಲ್ಲಿ ಒಣಗಿದ್ದರೆ ನೀರು ಕೊಡಲೇಬೇಕು.


ನೆರಳಮೂಲೆ

ಎಲ್ಲರಿಗೂ ತುಂಬಾ ಧನ್ಯವಾದ. ಗಂಡು ಹೆಣ್ಣಿನ ವಿಷಯ ಓದಿ ಆಶ್ಚರ್ಯವೂ ಆಯಿತು, ಸಮಾಧಾನವೂ ಆಯಿತು. ಮರದ ಬೇರು ಮೇಲೆಯೇ ಇದೆ, ಅಲ್ಲಲ್ಲಿ ಕಾಣುತ್ತದೆ. ಬೆರಳು ಇಳಿಸಿ ನೋಡಿದೆ. ಬುಡದ ಕಡೆ ಒಣಗಿದೆ, ಪಾತಿಯ ಅಂಚಿನಲ್ಲಿ ತೇವ ಇದೆ. ಕೋಬ್ರಾ ಲಿಲಿ ಇರುವುದು ನಡುವೆ.

ಈಗಲೇ ಅಂಚಿಗೆ ಸರಿಸಬಹುದಾ?


ತರಗೆಲೆ

ಈಗ ಬೇಡ. ಎಲೆ ಇರುವಾಗ ಕಿತ್ತರೆ ಬೇರೆಲ್ಲ ಹರಿಯುತ್ತದೆ, ಈ ವರ್ಷದ ಗಳಿಕೆ ಅಲ್ಲಿಗೇ ನಿಲ್ಲುತ್ತದೆ. ಎಲೆ ಹಳದಿಯಾಗಿ ತಾನಾಗಿ ಬೀಳುವವರೆಗೆ ಕಾಯಿರಿ. ಗುರುತಿಗೆ ಪಕ್ಕದಲ್ಲಿ ಒಂದು ಕೋಲು ನೆಟ್ಟಿಡಿ. ಎಲೆ ಹೋದ ಮೇಲೆ ಗೆಡ್ಡೆ ಎಲ್ಲಿದೆ ಎಂದು ಖಂಡಿತ ಗೊತ್ತಾಗುವುದಿಲ್ಲ. ಅಲ್ಲಿಯವರೆಗೆ ನೀರು ಕೊಟ್ಟು, ಮೇಲೆ ನಾಲ್ಕು ಬೆರಳು ದಪ್ಪ ತರಗು ಹೊದಿಸಿ.


ಕುಂಡದವರು

ನನಗೆ ನೆಲವಿಲ್ಲ, ಕುಂಡದಲ್ಲೇ ಬೆಳೆಸುತ್ತೇನೆ. ಎಲೆ ಬಿದ್ದ ಮೇಲೆ ಗೆಡ್ಡೆ ತೆಗೆದು, ತೊಳೆದು, ಒಣಗಿಸಿ, ಕಾಗದದಲ್ಲಿ ಸುತ್ತಿ ಇಡುತ್ತೇನೆ. ಕೊಳೆಯುವ ಭಯವೇ ಇಲ್ಲ. ಪಾತಿಯಲ್ಲಿ ಬೆಳೆಸುವವರೂ ಹೀಗೇ ಮಾಡಬಹುದು ಅಲ್ವಾ?


ಗೆಡ್ಡೆಪ್ರೀತಿ

ಪಾತಿಯಲ್ಲಿ ಇದ್ದರೆ ತೆಗೆಯದೆ ಇರುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಪೂರ್ತಿ ಒಣಗಿಸಿಟ್ಟ ಗೆಡ್ಡೆ ಸುಕ್ಕುಗಟ್ಟುತ್ತದೆ, ತೂಕ ಕಳೆದುಕೊಳ್ಳುತ್ತದೆ. ಈ ಗಿಡದಲ್ಲಿ ಗೆಡ್ಡೆಯ ಗಾತ್ರ ಹೋದರೆ ಹೆಣ್ಣು ಹೂವೂ ಹೋಯಿತು. ಚಿಕ್ಕ ಗೆಡ್ಡೆಗಳು ಒಣಗಿ ಸತ್ತೇ ಹೋಗಬಹುದು. ತೆಗೆಯಲೇಬೇಕಾದರೆ ಬರೀ ಕಾಗದ ಬೇಡ. ಸ್ವಲ್ಪವೇ ತೇವ ಇರುವ ಕೋಕೋಪೀಟ್‌ನಲ್ಲಿ ಹುದುಗಿಸಿ, ತಂಪಾದ ಜಾಗದಲ್ಲಿ ಇಡಿ.


ಕುಂಡದವರು

ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ನೀರು ನಿಲ್ಲುವ ಪಾತಿ ಇರುವವರಿಗೆ ತೆಗೆಯುವುದು ಬಿಟ್ಟರೆ ಬೇರೆ ದಾರಿ ಇಲ್ಲ. ಅರಿಸೀಮಾ ಸಾಯುವುದು ಹೆಚ್ಚಾಗಿ ನಿದ್ದೆಯ ಕಾಲದಲ್ಲಿ. ಎಲೆ ಇಲ್ಲ, ಬೇರು ಇಲ್ಲ, ಗೆಡ್ಡೆ ನೀರು ಎಳೆಯುತ್ತಿಲ್ಲ. ಆಗ ತಣ್ಣನೆ ಮಣ್ಣಿನಲ್ಲಿ ನೀರು ನಿಂತರೆ ಕೊಳೆಯುತ್ತದೆ. ಬರೀ ಚಳಿಯನ್ನು ಹಲವು ಜಾತಿಗಳು ತಡೆಯುತ್ತವೆ. ಚಳಿ ಮತ್ತು ನೀರು ಒಟ್ಟಿಗೆ ಬಂದರೆ ತಡೆಯುವುದಿಲ್ಲ. ಹಾಗಾಗಿ ಒಣಗಿ ಸುಕ್ಕಾಗುವುದು, ನೆನೆದು ಕೊಳೆಯುವುದು ಎರಡರಲ್ಲಿ ಮೊದಲನೆಯದನ್ನು ನಾನು ಆರಿಸುತ್ತೇನೆ. ಸುಕ್ಕಾದ ಗೆಡ್ಡೆ ಮತ್ತೆ ಬರುತ್ತದೆ.


ತರಗೆಲೆ

ಇಬ್ಬರ ಮಾತೂ ಅವರವರ ಮಣ್ಣಿಗೆ ಸರಿ. ಮೂರನೆಯ ದಾರಿಯೂ ಇದೆ. ಪಾತಿಯನ್ನೇ ಅಕ್ಕಪಕ್ಕದ ನೆಲಕ್ಕಿಂತ ಒಂದು ಗೇಣು ಎತ್ತರ ಮಾಡಿ, ಗೆಡ್ಡೆಯ ಕೆಳಗೆ ಒಂದು ಹಿಡಿ ಜಲ್ಲಿ ಹಾಕಿದರೆ ನೀರು ನಿಲ್ಲುವುದಿಲ್ಲ. ಟ್ರೈಫಿಲ್ಲಮ್‌ಗೆ ಇಷ್ಟು ಚಿಂತೆಯೂ ಬೇಕಿಲ್ಲ. ಅದು ತೇವದ ಕಾಡಿನ ಗಿಡ, ಉಳಿದವಕ್ಕಿಂತ ಹಸಿ ಮಣ್ಣನ್ನು ಚೆನ್ನಾಗಿ ತಡೆಯುತ್ತದೆ.


ಮಕ್ಕಳತಾಯಿ

ಮಧ್ಯೆ ಬಂದೆ, ಕ್ಷಮಿಸಿ. ಆ ಕೆಂಪು ಹಣ್ಣು ತಿನ್ನಬಹುದಾ? ನಮ್ಮ ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ನಾಯಿಯೂ ಇದೆ.


ಗೆಡ್ಡೆಪ್ರೀತಿ

ತಿನ್ನಲೇಬಾರದು. ಒಳ್ಳೆಯ ಪ್ರಶ್ನೆ ಕೇಳಿದಿರಿ. ಗೆಡ್ಡೆ, ಎಲೆ, ಹಣ್ಣು ಎಲ್ಲದರಲ್ಲೂ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿವೆ. ಹಸಿ ಕೆಸು ಕಚ್ಚಿದಾಗ ಬಾಯಿ, ಗಂಟಲು ತುರಿಸುವುದು ಇದರಿಂದಲೇ. ಅರಿಸೀಮಾದಲ್ಲಿ ಉರಿ ಇನ್ನೂ ಜೋರು. ನಾಲಿಗೆ, ಗಂಟಲು ಊದಿಕೊಳ್ಳಬಹುದು. ಬಾಯಿಗೆ ಹಾಕಿಕೊಂಡರೆ ಬಾಯಿ ತೊಳೆಸಿ. ಊತ ಬಂದರೆ ಅಥವಾ ಉಸಿರಾಟಕ್ಕೆ ಕಷ್ಟವಾದರೆ ತಡಮಾಡದೆ ವೈದ್ಯರ ಹತ್ತಿರ ಹೋಗಬೇಕು. ನಾಯಿಗೂ ಇದೇ ತೊಂದರೆ.

ಚಿಕ್ಕ ಮಕ್ಕಳಿರುವ ಮನೆಯಲ್ಲಿ ಹಣ್ಣು ಕೆಂಪಾಗುವ ಮೊದಲೇ ಗೊಂಚಲು ಕತ್ತರಿಸಿಬಿಡಿ. ಕೆಂಪು ಬಣ್ಣ ಮಕ್ಕಳನ್ನು ಸೆಳೆಯುತ್ತದೆ. ಕತ್ತರಿಸಿದರೆ ಗೆಡ್ಡೆಗೂ ಲಾಭ.


ಮಕ್ಕಳತಾಯಿ

ತುಂಬಾ ಉಪಕಾರವಾಯಿತು. ಗೊಂಚಲು ಕತ್ತರಿಸುತ್ತೇನೆ.


ಹಸಿರುಕಣ್ಣು

ನನ್ನ ಹತ್ತಿರ ಅರಿಸೀಮಾ ಇಲ್ಲ, ಈ ಚರ್ಚೆ ಓದಿ ಬೇಕು ಅನ್ನಿಸಿದೆ. ಯಾವುದರಿಂದ ಶುರು ಮಾಡಲಿ? ಇದರಲ್ಲಿ ತುಂಬಾ ಜಾತಿ ಇವೆಯಂತೆ.


ಬೀಜದವರು

ಸುಮಾರು 200 ಜಾತಿ ಇವೆ. ಹೆಚ್ಚಿನವು ಚೀನಾ, ಜಪಾನ್, ಹಿಮಾಲಯದ ಕಡೆಯವು. ಪಶ್ಚಿಮ ಘಟ್ಟದಲ್ಲೂ ಇವೆ. ಪೂರ್ವ ಆಫ್ರಿಕಾದಲ್ಲಿ ಕೆಲವು, ಉತ್ತರ ಅಮೆರಿಕದಲ್ಲಿ ಕೆಲವೇ ಕೆಲವು. ಟ್ರೈಫಿಲ್ಲಮ್ ಅಮೆರಿಕದ್ದು. ಹೊಸಬರಿಗೆ ಅದೇ ಸುಲಭ. ಮರಿಗೆಡ್ಡೆ ಕೊಟ್ಟು ಗುಂಪಾಗುತ್ತದೆ.

ನನಗೆ ತುಂಬಾ ಪ್ರೀತಿಯದು ಕನ್ಸ್ಯಾಂಗ್ವಿನಿಯಮ್. ಒಂದು ಮೀಟರ್‌ವರೆಗೆ ಎದ್ದು ನಿಲ್ಲುತ್ತದೆ. ತುದಿಯಲ್ಲಿ ಒಂದೇ ಎಲೆ, ಬಿಚ್ಚಿದ ಕೊಡೆಯ ಕಡ್ಡಿಗಳ ಹಾಗೆ ಸುತ್ತಲೂ ಹರಡಿದ ಕಿರುಎಲೆಗಳು. ಪ್ರತಿ ಕಿರುಎಲೆಯ ತುದಿ ಉದ್ದಕ್ಕೆ ದಾರದಂತೆ ಇಳಿದಿರುತ್ತದೆ. ಮಳೆಹನಿ ಅದರ ಮೇಲೆ ಜಾರಿ ಬೀಳುವುದನ್ನು ನೋಡಲೆಂದೇ ನಾನು ಮಳೆಯಲ್ಲಿ ಹೊರಗೆ ನಿಲ್ಲುತ್ತೇನೆ. ಹೂ ಇಲ್ಲದಿದ್ದರೂ ಈ ಗಿಡ ಸಾಕು. ಇದೂ ಮರಿಗೆಡ್ಡೆ ಧಾರಾಳವಾಗಿ ಕೊಡುತ್ತದೆ.

ಸ್ವಲ್ಪ ಹೆಚ್ಚು ಬೆಳಕಿರುವ ಜಾಗವಾದರೆ ಟಾರ್ಟುವೋಸಮ್ ನೋಡಿ. ಎತ್ತರದ ಗಿಡ, ಒಂದೂವರೆ ಮೀಟರ್ ತಲುಪುತ್ತದೆ. ಹೆಡೆಯೊಳಗಿನ ಕೋಲು ಹೊರಗೆ ಬಂದು ಚಾಟಿಯಂತೆ ಬಾಗಿ ಮೇಲಕ್ಕೆ ಹೋಗುತ್ತದೆ. ಇದರಲ್ಲಿ ಒಂದೇ ಹೂಗೊಂಚಲಿನಲ್ಲಿ ಗಂಡೂ ಹೆಣ್ಣೂ ಇರಬಹುದು.

ಕ್ಯಾಂಡಿಡಿಸ್ಸಿಮಮ್‌ಗೆ ಬಿಳಿ, ಗುಲಾಬಿ ಗೆರೆಯ ಹೆಡೆ, ಜೊತೆಗೆ ನವಿರಾದ ಪರಿಮಳ. ಆದರೆ ಅದು ತುಂಬಾ ತಡವಾಗಿ ಏಳುತ್ತದೆ. ಉಳಿದವೆಲ್ಲ ಹೂ ಬಿಟ್ಟು ಮುಗಿಯುವ ಹೊತ್ತಿಗೆ ಇದರ ಮೊಳಕೆ ಕಾಣುತ್ತದೆ. ಗೆಡ್ಡೆ ಸತ್ತಿತೆಂದು ಜನ ಅದರ ಮೇಲೆಯೇ ಬೇರೆ ಗಿಡ ನೆಟ್ಟುಬಿಡುತ್ತಾರೆ.

ಜಪಾನಿನ ಸಿಕೋಕಿಯಾನಮ್ ಚಿತ್ರ ನೋಡಿ ಮರುಳಾಗಿ ಅದರಿಂದ ಶುರು ಮಾಡಬೇಡಿ. ಕಡುಗಪ್ಪು ಹೆಡೆಯೊಳಗೆ ಅಚ್ಚ ಬಿಳಿ ದುಂಡು ತುದಿಯ ಕೋಲು, ಅಷ್ಟು ಚೆಂದದ ಹೂ ಇನ್ನೊಂದಿಲ್ಲ. ಆದರೆ ಮರಿಗೆಡ್ಡೆ ಕೊಡುವುದು ಅಪರೂಪ, ತೋಟದಲ್ಲಿ ಬಹಳ ವರ್ಷ ಉಳಿಯುವುದೂ ಕಷ್ಟ. ಬೀಜದಿಂದ ಹೊಸ ಗಿಡ ಮಾಡಿಕೊಳ್ಳುತ್ತಲೇ ಇರಬೇಕು.

ಯಾವುದೇ ಜಾತಿಯಾಗಲಿ, ಗೆಡ್ಡೆ ಎಲ್ಲಿಂದ ಬಂತು ಎಂದು ಕೇಳಿಯೇ ತೆಗೆದುಕೊಳ್ಳಿ. ಕಾಡಿನಿಂದ ಅಗೆದು ತಂದ ಗೆಡ್ಡೆ ಬೇಡ. ನರ್ಸರಿಯಲ್ಲಿ ಬೀಜದಿಂದಲೋ ಮರಿಗೆಡ್ಡೆಯಿಂದಲೋ ಬೆಳೆಸಿದ್ದು ಬೇಕು. ಹೂ ಬಿಡುವ ಗಾತ್ರದ ಗೆಡ್ಡೆಯಾಗಲು ವರ್ಷಗಳೇ ಬೇಕು. ಅಗೆದ ಜಾಗ ಅಷ್ಟು ಬೇಗ ತುಂಬುವುದಿಲ್ಲ. ಈ ವಿಷಯದಲ್ಲಿ ನಾನು ಯಾರಿಗೂ ಸಡಿಲ ಮಾತು ಹೇಳುವುದಿಲ್ಲ.


ಕುಂಡದವರು

ಮೊಳಕೆಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಒಂದು ವರ್ಷ ಗಿಡ ಮೇಲೆ ಬರದಿದ್ದರೂ ಕುಂಡ ಖಾಲಿ ಮಾಡಬೇಡಿ. ಗೆಡ್ಡೆ ಕೆಲವೊಮ್ಮೆ ಒಂದು ವರ್ಷ ಪೂರ್ತಿ ನಿದ್ದೆಯಲ್ಲೇ ಇದ್ದು ಮುಂದಿನ ವರ್ಷ ಏಳುತ್ತದೆ. ಬೆರಳಿನಿಂದ ನಿಧಾನಕ್ಕೆ ಕೆದಕಿ ನೋಡಿ. ಗೆಡ್ಡೆ ಗಟ್ಟಿಯಾಗಿದ್ದರೆ ಮುಚ್ಚಿಡಿ. ಮೆತ್ತಗಾಗಿ ವಾಸನೆ ಬಂದರೆ ಮಾತ್ರ ಎಸೆಯಿರಿ.


ಮಳೆನೆಲ

ನನ್ನ ಸಮಸ್ಯೆ ಬೇರೆ. ಟ್ರೈಫಿಲ್ಲಮ್ ಎಲೆಯ ಕೆಳಗೆ ಕಿತ್ತಳೆ ಬಣ್ಣದ ಪುಡಿ ಪುಡಿ ಚುಕ್ಕಿಗಳಿವೆ. ಮೇಲಿನಿಂದ ನೋಡಿದರೆ ಎಲೆ ಹಳದಿ ಹಳದಿ. ಹೋದ ವರ್ಷವೂ ಇತ್ತು, ಎಲೆ ಕತ್ತರಿಸಿ ಹಾಕಿದ್ದೆ. ಈ ವರ್ಷ ಮತ್ತೆ ಬಂದಿದೆ. ಯಾವ ಔಷಧಿ ಹೊಡೆಯಲಿ?


ಗೆಡ್ಡೆಪ್ರೀತಿ

ಹೇಳಲು ಬೇಸರವಾಗುತ್ತಿದೆ. ಇದು ತುಕ್ಕು ರೋಗ. ಯೂರೋಮೈಸಿಸ್ ಎನ್ನುವ ಶಿಲೀಂಧ್ರ ಇದಕ್ಕೆ ಕಾರಣ. ಅಮೆರಿಕದ ಅರಿಸೀಮಾಗಳಿಗೆ, ಅದರಲ್ಲೂ ಟ್ರೈಫಿಲ್ಲಮ್‌ಗೆ, ಇದು ಹೆಚ್ಚು. ಎಲೆಯಲ್ಲಿ ಕಾಣುವುದು ಮೇಲಿನ ಭಾಗ ಮಾತ್ರ. ರೋಗ ಗೆಡ್ಡೆಯೊಳಗೆ ಇರುತ್ತದೆ. ಹಾಗಾಗಿಯೇ ಎಲೆ ಕತ್ತರಿಸಿದರೂ ಮತ್ತೆ ಬಂತು. ವಾಸಿ ಮಾಡುವ ಔಷಧಿ ಇಲ್ಲ.

ಆ ಗಿಡವನ್ನು ಗೆಡ್ಡೆ ಸಮೇತ ತೆಗೆಯಬೇಕು. ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ, ಕಾಂಪೋಸ್ಟ್‌ಗೆ ಹಾಕಬೇಡಿ. ಪುಡಿ ಗಾಳಿಯಲ್ಲಿ ಪಕ್ಕದ ಗಿಡಕ್ಕೆ ಹಾರುತ್ತದೆ. ಆದ್ದರಿಂದ ಕೀಳುವ ಮೊದಲು ಎಲೆಯ ಮೇಲೆ ಒದ್ದೆ ಚೀಲ ಹಾಕಿ ಮುಚ್ಚಿ. ಉಳಿದ ಗಿಡಗಳ ಎಲೆಯ ಅಡಿಭಾಗವನ್ನು ವಾರಕ್ಕೊಮ್ಮೆ ತಿರುಗಿಸಿ ನೋಡುತ್ತಿರಿ.


ಮಳೆನೆಲ

ಇಂದೇ ತೆಗೆದೆ. ಮನಸ್ಸಿಗೆ ಕಷ್ಟವಾಯಿತು. ಆದರೆ ಪಕ್ಕದಲ್ಲಿ ಆರೋಗ್ಯವಾಗಿರುವ ಗಿಡಗಳಿವೆ, ಅವು ಉಳಿಯಬೇಕು.


ತರಗೆಲೆ

ಸರಿಯಾದ ಕೆಲಸ ಮಾಡಿದಿರಿ. ಉಳಿದ ಶತ್ರುಗಳಲ್ಲಿ ಮುಖ್ಯವಾದದ್ದು ಬಸವನಹುಳು, ಅದರಲ್ಲೂ ಚಿಪ್ಪಿಲ್ಲದ್ದು. ಮೊಳಕೆ ಮೇಲೆ ಬರುವ ವಾರವೇ ಅಪಾಯ. ಅರಿಸೀಮಾದ ಎಲೆ, ಹೂ ಎರಡೂ ಒಂದೇ ಮೊಳಕೆಯೊಳಗೆ ಸುತ್ತಿಕೊಂಡು ಬರುತ್ತವೆ. ಆ ತುದಿಯನ್ನು ಹುಳು ತಿಂದರೆ ಆ ವರ್ಷಕ್ಕೆ ಎಲ್ಲ ಮುಗಿಯಿತು, ಎರಡನೆಯ ಎಲೆ ಬರುವುದಿಲ್ಲ. ರಾತ್ರಿ ಟಾರ್ಚ್ ಹಿಡಿದು ಆರಿಸಿ ತೆಗೆಯುವುದೇ ನಂಬಬಹುದಾದ ದಾರಿ. ಮೊಳಕೆ ಬರುವ ಹೊತ್ತಿಗೆ ತರಗಿನ ಹೊದಿಕೆಯನ್ನು ಸುತ್ತಲಿನಿಂದ ಸ್ವಲ್ಪ ಸರಿಸಿಡಿ. ಹುಳುಗಳು ಹಗಲು ಅಡಗುವುದು ಅಲ್ಲೇ. ಮೊಳಕೆ ಒಂದು ಗೇಣು ದಾಟಿದ ಮೇಲೆ ಮತ್ತೆ ಹೊದಿಸಬಹುದು.


ಹಸಿರುಕಣ್ಣು

ಬೀಜದವರೇ, ನಿಮ್ಮ ಹೆಸರು ನೋಡಿ ಕೇಳುತ್ತಿದ್ದೇನೆ. ಬೀಜದಿಂದ ಬೆಳೆಸುವುದು ಹೇಗೆ?


ಬೀಜದವರು

ಈ ಪ್ರಶ್ನೆಗೇ ಕಾಯುತ್ತಿದ್ದೆ. ಉದ್ದವಾಗಿ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಮೊದಲು ಹಣ್ಣು ಕಟ್ಟಬೇಕು. ನೊಣಗಳನ್ನೇ ನಂಬದೆ ನಾನು ಕೈಯಿಂದ ಪರಾಗಸ್ಪರ್ಶ ಮಾಡುತ್ತೇನೆ. ಗಂಡು ಹೂವಿನ ಕೊಳವೆಯ ತಳದಲ್ಲಿ ಪರಾಗ ಪುಡಿಯಾಗಿ ಉದುರಿರುತ್ತದೆ. ಸಣ್ಣ ಬ್ರಷ್‌ನಿಂದ ಅದನ್ನು ತೆಗೆದುಕೊಳ್ಳಿ. ಹೆಣ್ಣು ಹೂವಿನ ಹೆಡೆಯನ್ನು ಮುಂಭಾಗದಲ್ಲಿ ನಿಧಾನವಾಗಿ ಬಿಡಿಸಿದರೆ ಕೋಲಿನ ಬುಡದಲ್ಲಿ ಹಸಿರು ಮಣಿಗಳು ಒತ್ತಾಗಿ ಕುಳಿತಿರುವುದು ಕಾಣುತ್ತದೆ. ಪ್ರತಿ ಮಣಿಯ ತುದಿಗೂ ಬ್ರಷ್ ತಾಗಿಸಿ. ಗಂಡು ಹೂ ಹೆಚ್ಚಾಗಿ ಮೊದಲು ಅರಳುತ್ತದೆ. ಆಗ ಪರಾಗವನ್ನು ಕಾಗದದಲ್ಲಿ ಮಡಚಿ, ಒಣ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿ ಇಡಬಹುದು. ಒಂದು ವಾರಕ್ಕೆ ತೊಂದರೆ ಇಲ್ಲ.

ಒಂದು ಎಚ್ಚರಿಕೆ. ಹತ್ತಿರದಲ್ಲಿ ಬೇರೆ ಜಾತಿ ಹೂ ಬಿಟ್ಟಿದ್ದರೆ ಮಿಶ್ರ ಬೀಜ ಬರಬಹುದು. ಅದನ್ನು ಹಳೆಯ ಹೆಸರಿನಲ್ಲಿ ಯಾರಿಗೂ ಹಂಚಬೇಡಿ.

ಹಣ್ಣು ಪೂರ್ತಿ ಕೆಂಪಾಗಿ ಮೆತ್ತಗಾಗುವವರೆಗೆ ಗಿಡದಲ್ಲೇ ಇರಲಿ. ಕಾಂಡ ತಾನಾಗಿ ಬಾಗುತ್ತದೆ. ಆಗ ಕೊಯ್ಯಿರಿ. ಕೈಗವಸು ಹಾಕದೆ ಬಿಡಿಸಬೇಡಿ. ಗೆಡ್ಡೆಪ್ರೀತಿ ಅವರು ಹೇಳಿದ ಹರಳು ತಿರುಳಿನಲ್ಲಿ ಚೆನ್ನಾಗಿಯೇ ಇದೆ, ಬರಿಗೈ ತುಂಬಾ ಹೊತ್ತು ಉರಿಯುತ್ತದೆ. ತಿರುಳು ಬೀಜವನ್ನು ಮೊಳೆಯದಂತೆ ತಡೆಯುತ್ತದೆ. ಆದ್ದರಿಂದ ಒಂದೆರಡು ದಿನ ನೀರಿನಲ್ಲಿ ನೆನೆಸಿ, ಜರಡಿಯಲ್ಲಿ ಉಜ್ಜಿ, ಬೀಜ ಬರಿದಾಗುವವರೆಗೆ ತೊಳೆಯಿರಿ.

ಬಿತ್ತುವ ಮಿಶ್ರಣಕ್ಕೆ ಎಲೆಗೊಬ್ಬರ ಮತ್ತು ಪರ್ಲೈಟ್ ಸಮ ಸಮ. ಬೀಜದ ಮೇಲೆ ಒಂದು ಸೆಂಟಿಮೀಟರ್ ಮುಚ್ಚಿದರೆ ಸಾಕು. ಟ್ರೈಫಿಲ್ಲಮ್, ಸಿಕೋಕಿಯಾನಮ್‌ನಂಥ ಚಳಿ ನಾಡಿನ ಜಾತಿಗಳಿಗೆ ಮೊದಲು ತಂಪು ಬೇಕು. ತೇವದ ಕೋಕೋಪೀಟ್ ಜೊತೆ ಚೀಲದಲ್ಲಿ ಹಾಕಿ ಎರಡು, ಎರಡೂವರೆ ತಿಂಗಳು ಫ್ರಿಜ್‌ನಲ್ಲಿಟ್ಟು ಆಮೇಲೆ ಬಿತ್ತಿ. ಬೆಚ್ಚಗಿನ ಸೀಮೆಯ ಹಲವು ಜಾತಿಗಳಿಗೆ ಇದು ಬೇಡ, ನೇರವಾಗಿ ಬಿತ್ತಿದರೆ ಮೊಳೆಯುತ್ತವೆ.

ಇಲ್ಲಿಂದ ಮುಂದೆ ಜನ ಕೈಚೆಲ್ಲುತ್ತಾರೆ. ಮೊದಲ ವರ್ಷ ಒಂದೇ ಒಂದು ಪುಟ್ಟ ಎಲೆ ಬರುತ್ತದೆ, ಅಷ್ಟೇ. ಕೆಲವು ಜಾತಿಗಳಲ್ಲಿ ಅದೂ ಕಾಣುವುದಿಲ್ಲ. ಬೀಜ ಮಣ್ಣಿನೊಳಗೇ ಬೇರು ಬಿಟ್ಟು, ಕಾಳಿನಷ್ಟು ಗೆಡ್ಡೆ ಮಾಡಿಕೊಂಡು ಮಲಗಿಬಿಡುತ್ತದೆ. ಮೇಲೆ ಏನೂ ಇಲ್ಲವೆಂದು ಆ ಕುಂಡವನ್ನು ಮಗುಚಬೇಡಿ. ಎಲೆ ಬಂದಿದ್ದರೆ ಅದನ್ನು ಎಷ್ಟು ದಿನ ಸಾಧ್ಯವೋ ಅಷ್ಟು ದಿನ ಹಸಿರಾಗಿ ಉಳಿಸಿಕೊಳ್ಳಿ. ಒಂದು ಸಲ ಮಣ್ಣು ಪೂರ್ತಿ ಒಣಗಿದರೂ ಗಿಡ ಎಲೆ ಬೀಳಿಸಿ ನಿದ್ದೆಗೆ ಹೋಗುತ್ತದೆ, ಆ ವರ್ಷದ ಬೆಳವಣಿಗೆ ನಿಲ್ಲುತ್ತದೆ. ಹೀಗೆ ಜೋಪಾನ ಮಾಡಿದರೆ 3ರಿಂದ 5 ವರ್ಷದಲ್ಲಿ ಮೊದಲ ಹೂ. ಅದು ಗಂಡು ಹೂ ಆಗಿರುತ್ತದೆ ಎಂದು ಈಗ ನಿಮಗೇ ಗೊತ್ತು.


ಹಸಿರುಕಣ್ಣು

ಐದು ವರ್ಷ! ಆದರೂ ಮಾಡುತ್ತೇನೆ. ಜೊತೆಗೆ ಒಂದೆರಡು ಗೆಡ್ಡೆಯನ್ನೂ ಹುಡುಕುತ್ತೇನೆ.


ನೆರಳಮೂಲೆ

ಇಷ್ಟು ವಿವರ ಸಿಗುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. ಪಾತಿಯ ಅಂಚಿನಲ್ಲಿ ಹೊಸ ಜಾಗ ಗುರುತು ಮಾಡಿದ್ದೇನೆ. ಎಲೆಗೊಬ್ಬರ ಸಿದ್ಧವಿದೆ. ಎರಡು ಪ್ರಶ್ನೆ ಉಳಿದಿವೆ. ಎಲೆ ಇರುವಾಗ ಯಾವ ಗೊಬ್ಬರ ಕೊಡಲಿ? ಜರಿಗಿಡಗಳು ಅಂಚಿನವರೆಗೂ ಬಂದಿವೆ. ಅವು ಗೆಡ್ಡೆಗೆ ತೊಂದರೆ ಕೊಡುತ್ತವಾ?


ತರಗೆಲೆ

ಗೊಬ್ಬರದಲ್ಲಿ ಸಾರಜನಕ ಕಡಿಮೆ, ಪೊಟ್ಯಾಷ್ ಜಾಸ್ತಿ ಇರಲಿ. ಟೊಮೆಟೊಗೆ ಕೊಡುವ ದ್ರವ ಗೊಬ್ಬರವನ್ನು ಹೇಳಿದ್ದಕ್ಕಿಂತ ಅರ್ಧ ತೆಳು ಮಾಡಿ ಎರಡು ವಾರಕ್ಕೊಮ್ಮೆ ಕೊಟ್ಟರೆ ಸಾಕು. ಎಲೆ ಹಳದಿಯಾಗಲು ಶುರುವಾದ ದಿನ ನಿಲ್ಲಿಸಿ. ನೀರನ್ನೂ ಆಗಿನಿಂದ ಕಡಿಮೆ ಮಾಡುತ್ತಾ ಬನ್ನಿ.

ಜರಿಗಿಡ ಒಳ್ಳೆಯ ಜೊತೆಗಾರ. ನೆಲವನ್ನು ತಂಪಾಗಿಡುತ್ತದೆ, ಕೋಬ್ರಾ ಲಿಲಿ ಮಲಗಿದಾಗ ಖಾಲಿ ಜಾಗ ಕಾಣದಂತೆ ಮುಚ್ಚುತ್ತದೆ. ಗುಂಪಾಗಿ ಒಂದೇ ಕಡೆ ನಿಲ್ಲುವ ಜರಿಯಾದರೆ ಒಂದು ಅಡಿ ದೂರ ಇರಲಿ. ನೆಲದೊಳಗೆ ಬಳ್ಳಿ ಹರಿಸಿ ಹಬ್ಬುವ ಜರಿಯಾದರೆ ಅದು ಗೆಡ್ಡೆಯ ಜಾಗವನ್ನೆಲ್ಲ ಹಿಡಿಯುತ್ತದೆ. ಅಂಥದ್ದನ್ನು ಪ್ರತಿ ವರ್ಷ ಸಲಿಕೆಯಿಂದ ಕತ್ತರಿಸಿ ಹಿಂದೆ ಇಡಬೇಕು.


ಗೆಡ್ಡೆಪ್ರೀತಿ

ಒಂದು ಸಲಹೆ ನನ್ನದೂ ಇರಲಿ. ಗೆಡ್ಡೆ ಸರಿಸುವಾಗ ಸುತ್ತ ಮರಿಗೆಡ್ಡೆಗಳಿದ್ದರೆ ಬಿಡಿಸಿ ಬೇರೆ ಬೇರೆ ನೆಡಿ. ಒಂದಕ್ಕೊಂದು ಒಂದು ಗೇಣು ಅಂತರ ಕೊಡಿ. ಒತ್ತಾಗಿ ಬಿಟ್ಟರೆ ಎಲ್ಲವೂ ಸಣ್ಣದಾಗಿಯೇ ಉಳಿಯುತ್ತವೆ. ತಾಯಿ ಗೆಡ್ಡೆ ಮತ್ತೆ ಎರಡೆಲೆ ಬಿಟ್ಟು ಹೆಣ್ಣಾದ ವರ್ಷ, ಅದು ಇನ್ನೂ ಬಡಕಲಾಗಿ ಕಂಡರೆ ಕಾಯಿ ಕಟ್ಟಿದ ಕೂಡಲೇ ಗೊಂಚಲಿನ ಕಾಂಡ ಕತ್ತರಿಸಿಬಿಡಿ, ಎಲೆಗೆ ಕತ್ತರಿ ತಾಗದಂತೆ. ಅದರ ಮುಂದಿನ ವರ್ಷ ಗಿಡ ತುಂಬಿಕೊಂಡು ಬಂದರೆ ಆಗ ಹಣ್ಣಾಗಲು ಬಿಡಿ.


ನೆರಳಮೂಲೆ

ಹಾಗೇ ಮಾಡುತ್ತೇನೆ. ಮರಿಗೆಡ್ಡೆ ಜಾಸ್ತಿ ಸಿಕ್ಕಿದರೆ ಹಸಿರುಕಣ್ಣು ಅವರಿಗೆ ಎರಡು ಎತ್ತಿಡುತ್ತೇನೆ.


ಹಸಿರುಕಣ್ಣು

ಖಂಡಿತ ಬೇಕು! ಅಷ್ಟರೊಳಗೆ ಪಾತಿ ತಯಾರು ಮಾಡಿಟ್ಟಿರುತ್ತೇನೆ.